ಎರಡು ಕಡೆ ಎಣಿಸಿದ ಮಗು

ಕಾರ್ವರ್ಟನ್, ಒಹಾಯೊ
ಮಾರ್ಚ್ 14, ಶುಕ್ರವಾರ, ಬೆಳಗಿನ ಜಾವ ಮೂರೂ ಹತ್ತು

ಪ್ರೀತಿಯ ಲವಾನ್ ಅಕ್ಕಾ,

ಪ್ರಿಂಟರಿನ ಸದ್ದಿಗೆ ಎಚ್ಚರವಾಯಿತು. ರಾತ್ರಿ ಕಾಗದ ಸಿಕ್ಕಿಕೊಂಡು ನಿಂತಿತ್ತು, ಬೈದು ಮಲಗಿದ್ದೆ. ಪಾಳಿ ಮುಗಿಸಿ ಬಂದ ನನ್ನ ಗಂಡ ಕಾರ್ಡೆಲ್ ಅದನ್ನು ಬಿಡಿಸಿಟ್ಟು ಮಲಗಿದ್ದಾನೆ. ಅದು ಕತ್ತಲಲ್ಲಿ ತನ್ನ ಪಾಡಿಗೆ ಹಾಳೆ ಉಗುಳುತ್ತಿತ್ತು. ನಿನ್ನ ಸೊಂಟ ಹೇಗಿದೆ? ಹೋದ ವಾರ ರೋಗಿಯನ್ನು ಎತ್ತಲು ಹೋಗಿ ಹಿಡಿದುಕೊಂಡಿತು ಅಂದಿದ್ದೆ. ನರ್ಸಮ್ಮನಿಗೆ ನಾನೇನು ಹೇಳಲಿ, ಬಿಸಿನೀರಿನ ಚೀಲ ಇಟ್ಟುಕೋ ಅನ್ನುವುದು ಬಿಟ್ಟರೆ. ವಾರ್ಡಿನೊಳಗೆ ನೀನು ಫೋನು ಒಯ್ಯುವಂತಿಲ್ಲ, ಅದಕ್ಕೇ ಈ ಮೇಲ್. ಐದು ಗಂಟೆಗೆ ಸಿಗುವ ಬಿಡುವಿನಲ್ಲಿ ಕಾಫಿ ಹಿಡಿದು ಕಂಪ್ಯೂಟರಿನ ಮುಂದೆ ಕೂರುತ್ತೀಯಲ್ಲ, ಆಗ ಓದು. ಪೂರ್ತಿ ಓದು, ಅರ್ಧಕ್ಕೆ ಸಿಟ್ಟು ಬಂದರೂ.

ನೆಲದ ಮೇಲೆ ಬಿದ್ದ ಹಾಳೆಗಳನ್ನು ಆಯ್ದುಕೊಂಡೆ. ನಮ್ಮ ಡನ್‌ಮೋರ್ ಶಾಲೆಗೆ ಈ ಸಲ ಸೇರುವ ಐದು ವರ್ಷದ ಮಕ್ಕಳ ಪಟ್ಟಿ, ಅರವತ್ತು ಹೆಸರು. ಶಾಲಾ ಮಂಡಳಿ ಕೇಳಿದ್ದೂ ಅರವತ್ತೇ. ಒಂದು ಕಡಿಮೆಯಾದರೂ ಶಾಲೆ ಮುಚ್ಚಿ, ಮಕ್ಕಳನ್ನು ಬಸ್ಸು ಹತ್ತಿಸಿ ಊರೆಲ್ಲ ಹಂಚುತ್ತಾರೆ. ಇವತ್ತು ಒಂಬತ್ತಕ್ಕೆ ನನ್ನ ಸಹಿಯೊಂದಿಗೆ ಕೊಡಬೇಕು. ನಲವತ್ತೊಂದನೆಯ ಹೆಸರು ನನ್ನ ಮಗಳು ಒಡೆಸ್ಸಾಳದು. ಅದೇ ಒಡೆಸ್ಸಾ ನಿನ್ನ ಮನೆಯಲ್ಲೇ ಇರುವ ಹುಡುಗಿ ಅಂತ ನಾವಿಬ್ಬರೂ ಪ್ರಮಾಣ ಮಾಡಿ ನದಿಯಾಚೆ, ಅಲ್ಲೇ ವಾಸಿಸುವ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ನಿನ್ನ ಹಾರ್ಲನ್ ಹೈಟ್ಸಿನ ಶಾಲೆಗೆ ಅರ್ಜಿ ಹಾಕಿದ್ದೇವೆ. ಒಬ್ಬರನ್ನು ಎರಡು ಸಲ ಎಣಿಸಬಾರದು ಅನ್ನುವುದು ನನ್ನ ಕಸುಬಿನ ಮೊದಲ ಪಾಠ. ಕಚೇರಿಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ.

ಹೇಗಾಯಿತು ಕೇಳು. ಯೋಜನಾ ಕಚೇರಿಯಲ್ಲಿ ಜನಗಣತಿಯ ಲೆಕ್ಕ ನೋಡುವವಳು ಅಂತ ಪೋಷಕರು ಇದನ್ನು ನನ್ನ ಕೊರಳಿಗೆ ಕಟ್ಟಿದರು: ಊರಿನ ಹನ್ನೊಂದು ಶಾಲೆಗಳನ್ನೂ ಅವುಗಳ ಸುತ್ತಲಿನ ಬೀದಿಗಳನ್ನೂ ಅಕ್ಕಪಕ್ಕ ಇಟ್ಟು ನೋಡು, ಎಷ್ಟು ಆದಾಯ, ಎಷ್ಟು ಬಾಡಿಗೆ ಮನೆ, ಎಷ್ಟು ಮಕ್ಕಳು. ಮೂರು ವಾರ ಊಟದ ಮೇಜೆಲ್ಲ ನಕ್ಷೆ. "ನೀನು ಆ ಕೋಷ್ಟಕಾನೇ ಮದುವೆ ಆಗ್ಬೇಕಿತ್ತು ಕಣೇ, ಅದು ಊಟ ಕೇಳಲ್ಲ" ಅಂತ ಕಾರ್ಡೆಲ್ ಅಣಕಿಸಿದ. ಆದರೆ ನೋಡು, ಡನ್‌ಮೋರ್‌ಗೆ ಶಾಲೆಗಳನ್ನು ಅಳೆಯುವ ವೆಬ್‌ಸೈಟಿನಲ್ಲಿ ಹತ್ತಕ್ಕೆ ಎರಡೇ ಅಂಕ ಅಂತ ನಾವಿಬ್ಬರೂ ಹೆದರಿದೆವಲ್ಲ, ಅದು ಶಾಲೆಯ ಅಂಕವಲ್ಲ, ಬೀದಿಯ ಅಂಕ. ಇಷ್ಟೇ ಬಡತನವಿರುವ ಬೀದಿಗಳ ಶಾಲೆಗಳ ಪಕ್ಕ ಇಟ್ಟರೆ ಡನ್‌ಮೋರಿನ ಮೂರನೇ ತರಗತಿಯವರೇ ಎಲ್ಲರಿಗಿಂತ ಚೆನ್ನಾಗಿ ಓದುತ್ತಾರೆ. ಇನ್ನೊಂದೂ ಕಂಡಿತು: ಸುತ್ತಲಿನ ಬೀದಿಗಳಲ್ಲಿ ಐದು ವರ್ಷದವರು ನೂರಾ ಎಂಟು, ಶಾಲೆಗೆ ಹೆಸರು ಕೊಟ್ಟವರು ಅರವತ್ತು.

ಗಣತಿ ಹಳೆಯದಾಗಿದೆ ಅಂತ ಮನೆಮನೆಗೂ ಹೋಗಿ ಹೆಸರು ಬರೆದುಕೊಂಡೆವು, ಈ ಎರಡು ಲೆಕ್ಕವೂ ಹಾಗೇ ಸಿಕ್ಕಿದ್ದು. ಜೊತೆಗೆ ಮಿಸ್ ಅರ್ಲೀನ್. ನಮಗೆ ಶಾಲೆಯಲ್ಲಿ ಊಟ ಬಡಿಸುತ್ತಿದ್ದವರು, ಈಗಲೂ ಅದೇ ಅಡುಗೆಮನೆ, ತಲೆಗೆ ಅದೇ ಬಲೆ. ನಮ್ಮ ಮನೆ ಬಂದಾಗ ಅವರು ನನ್ನನ್ನು ಕೇಳಲೂ ಇಲ್ಲ, ಒಡೆಸ್ಸಾಳ ಹೆಸರು ಬರೆದು ಮುಂದಿನ ಮನೆಗೆ ನಡೆದರು. ಆಮೇಲೆ ಹೇಳೋಣ ಅಂದುಕೊಂಡು ಅವರ ಹಿಂದೆಯೇ ನಡೆದೆ. ನಿನ್ನೆ ಸಂಜೆ ಶಾಲೆಯಲ್ಲಿ ಸಭೆ. ನಕ್ಷೆ ತೋರಿಸಿ ಮುಗಿಸಿದ ಮೇಲೆ ಅವರು ಎದ್ದು, "ಅಲ್ಲಮ್ಮ, ಉಳಿದ ನಲವತ್ತೆಂಟು ಮಕ್ಕಳು ಎಲ್ಲಿಗೆ ಹೋದ್ವು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕ್ಷೌರದಂಗಡಿಯ ಟೈರೆಲ್, "ಎಲ್ಲಾ ಅಜ್ಜಿ ಮನೇಲಿ ಮಲಗಿದಾವೆ ಮಿಸ್ ಅರ್ಲೀನ್. ಹೊಳೆಯಾಚೆ ಅಜ್ಜೀರ ಮನೇಲಿ ಈಗ ಮಂಚ ಸಾಲ್ತಿಲ್ಲ" ಅಂದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ ಅಕ್ಕಾ. ಹೊರಡುವಾಗ ಮಿಸ್ ಅರ್ಲೀನ್ ನನ್ನ ಕೈ ಹಿಡಿದು, "ನಿನ್ ಮಗಳ ತಟ್ಟೆಗೆ ಈಗ್ಲೇ ಹೆಸರು ಅಂಟಿಸಿದೀನಿ. ಸೊಪ್ಪು ತಿನ್ನಲ್ಲ ಅನ್ನೋದೆಲ್ಲ ನನ್ ಹತ್ರ ನಡಿಯಲ್ಲ ಅಂತ ಹೇಳು" ಅಂದರು. ಹೇಳುತ್ತೇನೆ ಅಂದೆ.

ನೀನೇನನ್ನುತ್ತೀಯ ಗೊತ್ತು. ನೀನು ನಾಲ್ಕನೇ ತರಗತಿಯಲ್ಲಿದ್ದಾಗ ಅದೇ ಶಾಲೆಯಲ್ಲಿ ಒಂದೇ ವರ್ಷಕ್ಕೆ ಐದು ಜನ ಟೀಚರು ಬಂದು ಹೋದರು, ಭಾಗಾಕಾರ ಕಲಿಸಲು ಯಾರೂ ಉಳಿಯಲಿಲ್ಲ. ಇವತ್ತಿಗೂ ಔಷಧಿಯ ಅಳತೆಯನ್ನು ಮೂರು ಸಲ ಲೆಕ್ಕ ಹಾಕಿ ಬೆವರುತ್ತೀಯ. "ನಮ್ಮ ಮಗು ಹೀಗೆ ಬೆವರಬಾರ್ದು ಕಣೇ" ಅಂತಲೇ ಅಲ್ಲವೇ ಆ ಪುಟ್ಟ ಹಳದಿ ಮಂಚ ತಂದು ನಿನ್ನ ಹೊಲಿಗೆ ಕೋಣೆಯಲ್ಲಿ ಜೋಡಿಸಿದ್ದು. ಈಗಿನ ಶಾಲೆ ಹಾಗಿಲ್ಲ ಅಂತ ಇಡೀ ಕೇರಿಗೆ ಭಾಷಣ ಮಾಡಿ ಬಂದವಳು ನಾನು. ನನ್ನ ಮಗುವಿನ ವಿಷಯ ಬಂದರೆ ಮಾತ್ರ ಅದೇ ಕೋಷ್ಟಕವನ್ನು ಮೂರು ಸಲ ಲೆಕ್ಕ ಹಾಕುತ್ತೇನೆ. ಕೋಷ್ಟಕ ನೂರು ಮಕ್ಕಳ ಸರಾಸರಿ ಹೇಳುತ್ತದೆ. ಇವಳೊಬ್ಬಳಿಗೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಆ ನಲವತ್ತೆಂಟು ತಾಯಂದಿರಿಗೂ ಹೀಗೇ ಅನಿಸಿರಬೇಕು. ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಲು ಪೆನ್ನು ಹಿಡಿದೆ, ಇಟ್ಟೆ, ಮತ್ತೆ ಹಿಡಿದೆ. ಹೊಡೆದರೆ ಐವತ್ತೊಂಬತ್ತು.

ನಿನ್ನ ಪಾಳಿಯ ರೋಗಿಗಳೆಲ್ಲ ಸುಖವಾಗಿ ಬೆಳಗು ಕಾಣಲಿ, ನಿನ್ನ ಸೊಂಟಕ್ಕೂ ದೇವರು ಒಂದಿಷ್ಟು ಗಮನ ಕೊಡಲಿ. ಒಡೆಸ್ಸಾ ದೊಡ್ಡಮ್ಮನಿಗೆ ಅಂತ ಬಿಡಿಸಿದ ಬಾತುಕೋಳಿ ಫ್ರಿಜ್ಜಿನ ಮೇಲಿದೆ.

ನಿನ್ನ ತಂಗಿ,
ರೆನಿಟಾ

ಕಳಿಸುವ ಮುಂಚೆ ಇದೊಂದು: ನಿನ್ನೆ ಮಧ್ಯಾಹ್ನ ಹೈಟ್ಸಿನ ಶಾಲೆಯಿಂದ ಫೋನು ಬಂದಿತ್ತು, ನಿನಗೆ ಹೇಳಲು ಧೈರ್ಯವಾಗಲಿಲ್ಲ. ಮಗು ನಿಜವಾಗಿ ನಿನ್ನ ಮನೆಯಲ್ಲೇ ಮಲಗುತ್ತದೆಯೇ ಅಂತ ನೋಡಲು ಇವತ್ತು ಬೆಳಿಗ್ಗೆ ಏಳಕ್ಕೆ ಅವರ ಮನುಷ್ಯ ಬರುತ್ತಾನೆ. ಅವನಿಗೆ ಇಲ್ಲ ಅಂದುಬಿಡು ಅಕ್ಕಾ. ಇಲ್ಲಿ ಮಲಗುವುದಿಲ್ಲ, ಅರ್ಜಿ ವಾಪಸ್ಸು ತೆಗೆದುಕೊಂಡೆವು ಅನ್ನು. ನಿನ್ನ ಪಾಳಿ ಆರಕ್ಕೆ ಮುಗಿಯುತ್ತದೆ. ಹೊರಗೆ ಬಂದ ತಕ್ಷಣ, ಕಾರು ಹತ್ತುವ ಮೊದಲೇ ನನಗೆ ಫೋನು ಮಾಡು, ಬೈಯುವುದಕ್ಕಾದರೂ ಮಾಡು. ನಿನ್ನ ದನಿ ಕೇಳದಿದ್ದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ನಿನ್ನ ಮನೆಗೆ ಇಪ್ಪತ್ತೇ ನಿಮಿಷದ ದಾರಿ, ನಿನ್ನ ಮನೆಯ ಬೀಗದ ಕೈ ನನ್ನ ಹತ್ತಿರವೂ ಇದೆ, ಒಡೆಸ್ಸಾಳನ್ನು ಕಂಬಳಿಯಲ್ಲಿ ಸುತ್ತಿ ತಂದು ಆ ಹಳದಿ ಮಂಚದ ಮೇಲೆ ಮಲಗಿಸಿಬಿಡುತ್ತೇನೆ. ಆಗಲೇ ಕೋಟು ಹಾಕಿಕೊಂಡು ಕೂತಿದ್ದೇನೆ. ಫೋನು ಮಾಡು.