ಕೂತು ಕೂತು ಹೋಗುವ ದಾರಿ

ಮಾರ್ಚ್ ೧೧, ಬುಧವಾರ

ಪ್ರೀತಿಯ ಮೀನಿಗೆ,

ಅಮ್ಮನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ, ನೀರು ಕಂಡರೆ ಹೆದರಿ ನಿನ್ನ ಕುತ್ತಿಗೆಗೆ ಜೋತುಬೀಳುವ ನಿನ್ನ ಶಿಷ್ಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಈ ವಾರ ಎರಡು ಸಲ ಬರೆಯಲು ಕೂತೆ. ಮೊದಲ ಸಲ ಅಂಗಡಿಯಿಂದ ಕರೆ ಬಂತು. ಎರಡನೆಯ ಸಲ ಯಾರೂ ಕರೆಯಲಿಲ್ಲ, ನಾನೇ ಎದ್ದುಬಿಟ್ಟೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ದಿನವಿಡೀ ನೀನು ಈಜುಕೊಳದಲ್ಲಿ, ನಿನ್ನ ಫೋನು ಕಪಾಟಿನಲ್ಲಿ. ಅದೂ ಅಲ್ಲದೆ ಫೋನಿನಲ್ಲಿ ನಾನು ಸುಮ್ಮನೆ ನಗುತ್ತೇನೆ. ಹೇಳಬೇಕಾದದ್ದು ಹಾಗೇ ಉಳಿದುಹೋಗುತ್ತದೆ.

ಮೊದಲು ನಮ್ಮ ಪ್ರವಾಸದ ಸುದ್ದಿ. ಕಾರಿಲ್ಲದ ಊರಿಗೆ ಅಮ್ಮ ಮಗಳು ಇಬ್ಬರೇ ಹೋಗುತ್ತಿದ್ದೇವೆಂದು ಹೇಳಿದಾಗ ಅಂಗಡಿಯವರಿಗೆಲ್ಲ ಖುಷಿ. ಕಾರು ಹತ್ತಿದರೆ ಎರಡನೇ ತಿರುವಿಗೇ ನಾನು ಬಿಳಿಚಿಕೊಂಡು ಪ್ಲಾಸ್ಟಿಕ್ ಚೀಲ ಹುಡುಕುವುದು ಅವರಿಗೂ ಗೊತ್ತು. ಖುಷಿಯಾಗದವರು ನಿಮ್ಮಪ್ಪ ಒಬ್ಬರೇ. "ಹೋಗಿ ಬನ್ನಿ, ಬೇಡ ಅನ್ನಲ್ಲ. ಆದ್ರೆ ಕಾರು ಬೇಡ, ಕಾರು ಬೇಡ ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ? ಪಾಪ, ಅದು ಏನು ಮಾಡಿತ್ತು?" ಎಂದು ಗೊಣಗಿ, ಹೊರಗೆ ನಿಂತಿದ್ದ ಕಾರಿಗೆ ಕೇಳಿಸಬಾರದೆಂಬಂತೆ ಕಿಟಕಿ ಮುಚ್ಚಿದರು. ನಾನು ನಕ್ಕು ಸುಸ್ತಾದೆ.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಮೊನ್ನೆ ಭಾನುವಾರ ಒಬ್ಬಳೇ ರೈಲು ಹತ್ತಿ ಆ ಊರನ್ನು ನೋಡಿಕೊಂಡು ಬಂದೆ. ಇಷ್ಟು ವರ್ಷ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದವಳು ನಾನು, ಅಳತೆ ತೆಗೆಯದೆ ಯಾವುದನ್ನೂ ಕತ್ತರಿಸುವುದಿಲ್ಲ. ಯಾವ ಟ್ರಾಮ್ ಎಲ್ಲಿ ನಿಲ್ಲುತ್ತದೆ, ದೋಣಿ ಎಷ್ಟು ಹೊತ್ತಿಗೆ, ಮಳೆ ಬಂದರೆ ಎಲ್ಲಿ ನಿಲ್ಲಬಹುದು ಎಂದೆಲ್ಲ ನೋಡಿಟ್ಟುಕೊಂಡರೆ ನಿನ್ನ ಜೊತೆ ಹಾಯಾಗಿ ಓಡಾಡಬಹುದು ಎಂದುಕೊಂಡೆ.

ಚೆಂದದ ಊರು, ಮೀನು. ಸ್ಟೇಷನ್ನಿನ ಆಚೆ ಕಾರುಗಳೆಲ್ಲ ಒಂದು ಕಂಬದ ಸಾಲಿನ ಹತ್ತಿರವೇ ನಿಂತುಬಿಡುತ್ತವೆ. ಅಲ್ಲಿಂದ ಒಳಗೆ ಹಳದಿ ಟ್ರಾಮ್, ಸೈಕಲ್ಲು, ಕಾಲು. ಕಾರಿನ ಸದ್ದು ಹೋದ ಮೇಲೆ ಉಳಿದ ಸದ್ದುಗಳೆಲ್ಲ ಎಷ್ಟು ಹತ್ತಿರ ಬರುತ್ತವೆಂದು ನನಗೆ ಗೊತ್ತಿರಲಿಲ್ಲ. ಹಿಂದೆ ಬರುವವರ ಚಪ್ಪಲಿ ಸದ್ದು, ಮಹಡಿಯ ಮೇಲೆ ಯಾರೋ ಚಮಚ ತೊಳೆಯುವ ಸದ್ದು. ನದಿಯ ಹತ್ತಿರ ಇಬ್ಬರು ಕೂತು ತುಳಿಯುವ ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ಮುಂದೆ ನೀನು, ಹಿಂದೆ ನಾನು, ತುಳಿದಂತೆ ನಟಿಸುತ್ತಾ. ಉದ್ದ ಗಿಡ್ಡ ಮಾಡಿ ತೋರಿಸುವ ಕನ್ನಡಿಗಳ ಮನೆಯೂ ಇದೆ. ಅಲ್ಲಿ ನನ್ನ ಹೊಟ್ಟೆ ಮಾಯವಾಗುತ್ತದೆ, ಅದೊಂದಕ್ಕಾದರೂ ಟಿಕೆಟ್ ಕೊಳ್ಳಬೇಕು.

ಆಮೇಲೆ ನೀನು ಹೇಳಿದ್ದ ವಸತಿಗೃಹಕ್ಕೆ ಹೋದೆ, ನದಿಯ ದಂಡೆಯ ಮರದ ಮೆಟ್ಟಿಲಿನ ಮನೆಗೆ. ಅದರ ಒಡತಿ ಮೇಜಿನ ಮೇಲೆ ದಿಂಬಿನ ಚೀಲಗಳನ್ನು ಮಡಚುತ್ತಾ ಕೂತಿದ್ದರು. ಯಾವ ಕೋಣೆ ಎಂದು ತೋರಿಸಲು ನಿನ್ನ ಮೆಸೇಜು ತೆಗೆದು ಫೋನನ್ನು ಅವರ ಮುಂದಿಟ್ಟೆ. ಮೇಲೆ ನಿನ್ನ ಚಿತ್ರವಿತ್ತಲ್ಲ, ಅದನ್ನು ನೋಡಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

"ಈ ಹುಡುಗಿ ನಂಗೆ ಗೊತ್ತು. ಹೋದ ಚಳಿಗಾಲದಲ್ಲಿ ಬಂದಿದ್ಳು, ಅವರಮ್ಮನ ಜೊತೆ."

"ಬೇರೆ ಯಾರೋ ಇರಬೇಕು," ಎಂದೆ.

"ಬೇರೆ ಯಾರೂ ಅಲ್ಲ. ಆ ತಾಯಿಗೆ ಹುಷಾರಿರಲಿಲ್ಲ. ಮೆಟ್ಟಿಲು ಹತ್ತೋವಾಗ ಇವಳು ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ಹತ್ತಿಸ್ತಿದ್ಳು. ಇಬ್ಬರದ್ದೂ ಒಂದೇ ಮೂಗು, ಒಂದೇ ನಗು. ನಾನು ಹಾಗಂದಿದ್ದಕ್ಕೆ ಆ ತಾಯಿ ಅತ್ತೇಬಿಟ್ರು. ನಂಗೆ ಇವತ್ತಿಗೂ ನೆನಪಿದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ನೀರು ತಂದುಕೊಟ್ಟರು, ಬಿಸಿಲಿಗೆ ಬಂದಿದ್ದೀರಿ ಎಂದರು.

ಎಂಟು ತಿಂಗಳ ಕೂಸಾಗಿದ್ದ ನಿನ್ನನ್ನು ಶಿಶುಗೃಹದಿಂದ ತಂದದ್ದನ್ನು ನಾವು ನಿನ್ನಿಂದ ಎಂದೂ ಮುಚ್ಚಿಟ್ಟಿಲ್ಲ. ನಿನ್ನನ್ನು ಹೆತ್ತವರು ಎಲ್ಲೋ ಇದ್ದಾರೆ ಎಂದು ನಾನೇ ಸ್ನಾನ ಮಾಡಿಸುತ್ತಾ ಹೇಳುತ್ತಿದ್ದೆ. ಆ 'ಎಲ್ಲೋ' ಎಂಬ ಊರಿಗೆ ಟಿಕೆಟ್ ಕೊಂಡು ನಾನೇ ಹೋಗಿ ಇಳಿದಿದ್ದೆ.

ಮಧ್ಯಾಹ್ನದ ರೈಲಿಗೆ ವಾಪಸು ಬಂದುಬಿಡಬೇಕಿತ್ತು. ಬರಲಿಲ್ಲ. ನೀನು ಹೇಳಿದ್ದ ದಾರಿಯನ್ನು ಪೂರ್ತಿ ನಡೆದೆ. "ಟ್ರಾಮ್ ಇಳಿದು ಸೇತುವೆ ಕಡೆಯಿಂದ ಹೋಗೋಣಮ್ಮ, ಅಲ್ಲಿ ಉದ್ದಕ್ಕೂ ಬೆಂಚುಗಳಿವೆ, ಕೂತು ಕೂತು ಹೋಗಬಹುದು," ಎಂದಿದ್ದೆಯಲ್ಲ. ಅಂದು ನನಗೆ ಸ್ವಲ್ಪ ವಿಚಿತ್ರವೆನಿಸಿತ್ತು. ದಿನವಿಡೀ ಅಂಗಡಿಯಲ್ಲಿ ನಿಂತೇ ಇರುವವಳಿಗೆ ಬೆಂಚು ಯಾತಕ್ಕೆ? ನಡೆಯುತ್ತಾ ಅರ್ಥವಾಯಿತು. ಆ ದಾರಿಯ ಅಳತೆ ತೆಗೆದದ್ದು ನನ್ನ ಕಾಲಿಗಲ್ಲ.

ಪ್ರತಿ ಬೆಂಚಿನ ಮೇಲೂ ಯಾರೋ ಈಗಷ್ಟೇ ಎದ್ದುಹೋದ ಹಾಗಿತ್ತು. ಇಲ್ಲಿ ಅವರಿಗೆ ಉಬ್ಬಸ ಬಂದಿರಬೇಕು, ಇಲ್ಲಿ ನೀನು ಶಾಲು ಹೊದಿಸಿರಬೇಕು ಎಂದು ತೋರುತ್ತಿತ್ತು. ದೋಣಿಯಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಾನು ಅಂಚಿಗೆ ಸರಿದು ಕೂತೆ. ದೋಣಿಯವನು, "ಆರಾಮಾಗಿ ಕೂತ್ಕೊಳ್ಳಿ, ಯಾರೂ ಇಲ್ವಲ್ಲ," ಎಂದ.

ಅಂದಿನಿಂದ ಅವರು ಹೋಗುತ್ತಿಲ್ಲ, ಮೀನು. ನಾನು ಮುಖವನ್ನೇ ನೋಡದ ಹೆಂಗಸು ನಮ್ಮ ಮನೆಯಲ್ಲಿ ಓಡಾಡುತ್ತಿದ್ದಾರೆ. ಬಾಗಿಲು ಹಾಕುವಾಗ ಯಾರೋ ಇನ್ನೂ ಒಳಗೆ ಬರಬೇಕೇನೋ ಎಂಬಂತೆ ಒಂದು ಗಳಿಗೆ ಹಿಡಿದು ನಿಲ್ಲುತ್ತೇನೆ. ನಿನ್ನೆ ಅಂಗಡಿಗೆ ನನ್ನ ವಯಸ್ಸಿನವರೊಬ್ಬರು ಬಂದರು. ಫ್ರೇಮು ಇಟ್ಟು ಮೂಗಿನ ಅಳತೆ ತೆಗೆಯಲು ಬಗ್ಗಿದೆ, ನಿನ್ನ ಮೂಗು ಕಂಡ ಹಾಗಾಯಿತು. ಫ್ರೇಮು ಜಾರಿ ಬಿತ್ತು. "ನಿಮ್ಮ ಕಣ್ಣೇ ಪರೀಕ್ಷೆ ಮಾಡಿಸ್ಕೋಬೇಕೇನೋ," ಎಂದು ಅವರು ತಮಾಷೆ ಮಾಡಿದರು.

ನನಗೆ ಕೋಪವಿಲ್ಲ. ಇದ್ದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ, ಎರಡು ಸಾಲಿನಲ್ಲಿ ಬೈದು ಮುಗಿಸುತ್ತಿದ್ದೆ. ಅವರು ಯಾರು, ಈಗ ಹೇಗಿದ್ದಾರೆ, ಇಷ್ಟು ಹೇಳು. ನಿಮ್ಮಪ್ಪನಿಗೆ ನಾನಿನ್ನೂ ಹೇಳಿಲ್ಲ.

ಇಂತು,
ನಿನ್ನ ಅಮ್ಮ


ಮಾರ್ಚ್ ೨೪, ಮಂಗಳವಾರ

ಪ್ರೀತಿಯ ಮೀನಿಗೆ,

ಅಮ್ಮನ ಆಶೀರ್ವಾದಗಳು. ನೀನು ಸುಖವಾಗಿ ತಲುಪಿದ ಸುದ್ದಿ ಬಂತು. ಶನಿವಾರ ಬಂದು ಭಾನುವಾರ ಹೋದವಳಿಗೆ ಮಂಗಳವಾರವೇ ಪತ್ರ ಯಾಕೆ ಎನ್ನಬೇಡ. ನೀನು ಎದುರಿಗಿದ್ದಾಗ ನಾನು ಬರೀ ಕೇಳಿಸಿಕೊಂಡೆ. ನನ್ನ ಮಾತುಗಳೆಲ್ಲ ನಿನ್ನ ರೈಲು ಹೋದ ಮೇಲೆ ಒಂದೊಂದಾಗಿ ಬಂದವು.

ಪತ್ರ ಸಿಕ್ಕಿದ ಕೂಡಲೇ ತಲೆ ಕೂಡ ಒರೆಸಿಕೊಳ್ಳದೆ ಕೊಳದಿಂದ ನೇರ ರೈಲಿಗೆ ಬಂದಿದ್ದೆಯಲ್ಲ, ನಿನ್ನ ಬೆನ್ನೆಲ್ಲ ಒದ್ದೆಯಾಗಿತ್ತು. ನಾನು ಟವೆಲ್ಲು ತರಲು ಒಳಗೆ ಹೋದೆ. ನೀನು ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಅವರು ತೀರಿಕೊಂಡ್ರು," ಎಂದೆ.

ಅದೊಂದನ್ನು ನಾನು ಎಣಿಸಿರಲಿಲ್ಲ. ಅವರು ಎಲ್ಲೋ ಇದ್ದಾರೆ, ನಿನ್ನ ದಾರಿ ಕಾಯುತ್ತಿದ್ದಾರೆ ಎಂದು ಈ ದಿನಗಳಲ್ಲಿ ಅವರ ಮೇಲೆ ಎಷ್ಟು ಹೊಟ್ಟೆಕಿಚ್ಚುಪಟ್ಟಿದ್ದೆ. ಸತ್ತವರ ಮೇಲೆ ಪಟ್ಟ ಹೊಟ್ಟೆಕಿಚ್ಚನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಯಾರಿಗಾದರೂ ಗೊತ್ತಿದ್ದರೆ ಕೇಳಬೇಕು.

ನಿನ್ನ ತಲೆ ಒರೆಸುತ್ತಾ ನಾನು ಕೇಳಿದ್ದು ಒಂದೇ: "ಯಾಕೆ ಹೇಳಲಿಲ್ಲ?"

ನೀನು ಹೇಳಿದ್ದು ಕಿವಿಯಲ್ಲೇ ಇದೆ. "ಹೇಳಿದ್ರೆ ನೀನು ಒಳ್ಳೆಯವಳಾಗಿ ಇರ್ತಿದ್ದೆ. ಅವರಿಗೂ ಡಬ್ಬಿ ಕಟ್ಟಿ ಕಳಿಸ್ತಿದ್ದೆ. ಅದನ್ನ ನೋಡೋಕೆ ನಂಗಾಗ್ತಿರಲಿಲ್ಲ."

ಹೌದು, ಕಳಿಸುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನೀನು ನನ್ನನ್ನು ಇಷ್ಟು ಚೆನ್ನಾಗಿ ತಿಳಿದಿದ್ದೀಯೆಂದು ತಿಳಿದು ಒಂದು ಥರ ಸಮಾಧಾನ, ಒಂದು ಥರ ನಾಚಿಕೆ.

ಅವರು ಶಿಶುಗೃಹದ ಮೂಲಕ ನಿನ್ನನ್ನು ಹುಡುಕಿಸಿದ್ದು, ಡಾಕ್ಟರು ಕೈಚೆಲ್ಲಿದ ಮೇಲಷ್ಟೇ ಹುಡುಕುವ ಧೈರ್ಯ ಬಂದದ್ದು, ಒಮ್ಮೆಯಾದರೂ ನಿನ್ನ ಜೊತೆ ಒಂದು ಊರು ನೋಡಬೇಕೆಂದು ಆಸೆಪಟ್ಟದ್ದು, ಎಲ್ಲ ನೀನು ಹೇಳಿದೆ. ನೀನು ಅವರನ್ನು ಏನೆಂದು ಕರೆಯುತ್ತಿದ್ದೆ ಎಂದು ಕೇಳಲೋ ಬೇಡವೋ ಎಂದು ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ. ಕೊನೆಗೆ ಕೇಳಿದೆ.

"ಏನೂ ಕರೀತಿರಲಿಲ್ಲ," ಎಂದೆ ನೀನು. "'ಇಲ್ನೋಡಿ' ಅಂತಿದ್ದೆ. ಅವರು ಕಾಯ್ತಿದ್ರು ಅಂತ ಗೊತ್ತಿತ್ತಮ್ಮ. ಕೊನೇ ದಿನ ದೋಣಿಲೂ ಕಾಯ್ತಿದ್ರು. ಬಾಯಿಗೆ ಬರಲಿಲ್ಲ."

ಆಗ ನೀನು ಅತ್ತ ಅಳು ನನಗೆ ಗೊತ್ತಿರುವ ನಿನ್ನ ಯಾವ ಅಳುವೂ ಅಲ್ಲ. ಬಿದ್ದಾಗಿನದು, ಫೇಲಾದಾಗಿನದು, ಆ ಹುಡುಗ ಬಿಟ್ಟುಹೋದಾಗಿನದು, ಎಲ್ಲ ನನಗೆ ಗೊತ್ತು. ಇದು ಹೊಸದು. ಅವರು ತೀರಿಕೊಂಡ ಆ ದಿನಗಳಲ್ಲಿ ನೀನು ಮನೆಗೆ ಬಂದು ಹೋಗಿದ್ದೆ. ನಮ್ಮ ಮೇಜಿನ ಮುಂದೆ ಕೂತು ಉಂಡಿದ್ದೆ. ಕಣ್ಣು ಯಾಕೆ ಕೆಂಪು ಎಂದು ಕೇಳಿದ್ದಕ್ಕೆ ಕೊಳದ ನೀರಿಗೆ ಹಾಕುವ ಔಷಧಿ ಎಂದಿದ್ದೆ. ನಾನು ನಂಬಿ, ಈಜುವಾಗ ಹಾಕುವ ಕನ್ನಡಕ ಬದಲಾಯಿಸು ಎಂದು ಬುದ್ಧಿ ಹೇಳಿದೆ. ನನ್ನ ಮಗಳು ತಾಯಿಯನ್ನು ಕಳೆದುಕೊಂಡು ನನ್ನೆದುರು ಕೂತಿದ್ದಳು, ನಾನು ಅವಳಿಗೆ ರಬ್ಬರಿನ ಕನ್ನಡಕದ ಮಾತಾಡುತ್ತಿದ್ದೆ.

ನೀನು ಹೋದ ಮೇಲೆ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಬಕೆಟ್ಟು ತೆಗೆದುಕೊಂಡು ಹೋಗಿ ಕಾರು ತೊಳೆಯತೊಡಗಿದರು. ತೊಳೆದದ್ದನ್ನೇ ಮತ್ತೆ ತೊಳೆದರು. ಸಂಜೆ ಒಳಗೆ ಬಂದು, "ಆಯಮ್ಮನ ಹತ್ರ ಒಂದು ಫೋಟೋ ಆದ್ರೂ ಇತ್ತಂತಾ, ನಮ್ಮ ಮೀನು ಚಿಕ್ಕವಳಿದ್ದಾಗಿಂದು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಕೇಳಿದ್ದಿದ್ರೆ ಕೊಡ್ತಿದ್ವಿ. ನಮ್ಮ ಹತ್ರ ಅಷ್ಟೊಂದಿದೆ," ಎಂದರು. ಅಂದು ಊಟ ಸರಿಯಾಗಿ ಮಾಡಲಿಲ್ಲ.

ಈಗ ಪ್ರವಾಸದ ಮಾತು. ಬಾಗಿಲು ದಾಟುವಾಗ ನೀನು, "ಬೇಡಮ್ಮ, ಬೇರೆ ಊರಿಗೆ ಹೋಗೋಣ," ಎಂದೆ. ಅಲ್ಲೇ ಹೇಳಬೇಕೆಂದುಕೊಂಡಿದ್ದೆ, ಅದಕ್ಕೇ ಆ ಊರು ಆರಿಸಿದ್ದೆ, ಈಗ ಹೇಳಿ ಆಯಿತಲ್ಲ ಎಂದೂ ನೀನೇ ಅಂದೆ. ನಾನು ಯೋಚಿಸಿದೆ. ಬೇರೆ ಊರು ಬೇಡ. ಬೇರೆ ಊರಿಗೆ ಹೋದರೆ ಆ ಊರು ನಮ್ಮ ಮಧ್ಯೆ ಹಾಗೇ ನಿಂತಿರುತ್ತದೆ, ಹೆಸರೆತ್ತಿದರೆ ಇಬ್ಬರೂ ಬೇರೆ ಕಡೆ ನೋಡಬೇಕಾಗುತ್ತದೆ.

ಮೊದಲ ದಿನ ನಿನ್ನ ದಾರಿ. ಯಾವ ಬೆಂಚಿನಲ್ಲಿ ಕೂತಿರಿ, ಅವರು ಏನು ನೋಡಿ ನಕ್ಕರು, ಎಲ್ಲಿ ಸುಸ್ತಾದರು, ಹೇಳುತ್ತಾ ಹೋಗು. ನಾನೂ ಕೂರುತ್ತೇನೆ. ನಾನು ಒಳ್ಳೆಯವಳಾಗಿ ಇರುವುದಿಲ್ಲವೆಂದು ಮಾತು ಕೊಡುತ್ತೇನೆ. ಹೊಟ್ಟೆಯುರಿದರೆ ಉರಿಯಿತು ಎನ್ನುತ್ತೇನೆ, ಅಳು ಬಂದರೆ ನಲ್ಲಿ ಹುಡುಕುವುದಿಲ್ಲ. ಮಾರನೆಯ ದಿನದಿಂದ ಇಬ್ಬರ ಸೈಕಲ್ಲು, ಕನ್ನಡಿ ಮನೆ, ಕಾಲು ನೋಯುವವರೆಗೆ ಅಲೆದಾಟ. ಅಲ್ಲಿ ನೀನು ನಗಬೇಕು. ನಕ್ಕರೆ ಅವರಿಗೆ ಏನೋ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡ, ನನಗೆ ಏನೋ ಹೆಚ್ಚಾಗುತ್ತದೆ ಎಂದೂ ಅಲ್ಲ.

ಅವರು ನಮ್ಮ ಮನೆಯಿಂದ ಇನ್ನೂ ಹೋಗಿಲ್ಲ. ಆದರೆ ಮೊದಲಿನಂತೆ ನಾನು ಬೆಚ್ಚುವುದಿಲ್ಲ. ನಿನ್ನೆ ನಿನ್ನ ಕೋಣೆಯಲ್ಲಿ ಹಾಸಿಗೆ ಬಿಡಿಸುತ್ತಿದ್ದಾಗ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಲಿಲ್ಲ. ನೀನು ಮೊದಲ ಸಲ ನೀರಿಗೆ ಹಾರಿದ ದಿನದ ಕಥೆಯನ್ನು ಜೋರಾಗಿಯೇ ಹೇಳಿದೆ. ಅವರಿಗೆ ಅದು ಗೊತ್ತಿರಲಾರದು.

ಹೊತ್ತು ಹೊತ್ತಿಗೆ ಊಟ ಮಾಡು. ಒದ್ದೆ ತಲೆಯಲ್ಲಿ ತಿರುಗಬೇಡ. ನೀನು ಎಲ್ಲಿದ್ದರೂ ತಂಪಾಗಿರು, ನಿನ್ನ ಕೈ ಹಿಡಿದ ಮಕ್ಕಳೆಲ್ಲ ತೇಲಿ ದಡ ಸೇರಲಿ.

ಇಂತು,
ನಿನ್ನ ಅಮ್ಮ

ತಾ.ಕ.: ಒಂದು ಮಾತನ್ನು ನಾನು ಆ ಪತ್ರದಲ್ಲೂ ಬರೆಯಲಿಲ್ಲ, ನೀನು ಎದುರಿಗೆ ಕೂತಾಗಲೂ ಹೇಳಲಿಲ್ಲ. ಆ ಭಾನುವಾರ ವಸತಿಗೃಹದ ಒಡತಿ ನೀರು ತಂದುಕೊಟ್ಟ ಮೇಲೆ, "ನೀವು ಆ ಹುಡುಗಿಗೆ ಏನಾಗಬೇಕು?" ಎಂದು ಕೇಳಿದರು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಈಜುಕೊಳದ ಗೇಟಿನಲ್ಲಿ ಎಷ್ಟು ಜನ ಕೇಳಿಲ್ಲ ಇದನ್ನು. ಅವರು ಕೇಳಿ ಮುಗಿಸುವ ಮೊದಲೇ ಉತ್ತರ ಕೊಡುತ್ತಿದ್ದವಳು ನಾನು. ಅಂದು "ಚಿಕ್ಕಮ್ಮ" ಎಂದುಬಿಟ್ಟೆ. ನಾವು ಹೋದಾಗ ಅವರು ನಿನ್ನನ್ನು, ಚಿಕ್ಕಮ್ಮನ ಜೊತೆ ಬಂದೆಯಾ ಎಂದು ಕೇಳಬಹುದು. ಆಗ ಏನು ಹೇಳಬೇಕೋ ನೀನೇ ಹೇಳು. ನಾನು ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತೇನೆ.