ತೊಳೆದು ಕಳಿಸಿದ ಕಲ್ಲು

ಜಟ್ಟಿಂಗಪ್ಪ,

ನಿನ್ನ ಗುಡ್ಡದ ಕಲ್ಲಿನ ವ್ಯವಹಾರಕ್ಕೆ ಒಟ್ಟು ತಗುಲಿದ್ದು ಇಷ್ಟು: ಎರಡು ಗೋಣಿಚೀಲ, ಹೊಸನಗರದಿಂದ ಶಿವಮೊಗ್ಗಕ್ಕೆ ಒಂದು ಬಸ್ ಟಿಕೆಟ್, ಮತ್ತೆ ನೀನು. ಎಲ್ಲಿದ್ದೀಯೋ ಗೊತ್ತಿಲ್ಲ, ಈ ಕಾಗದಕ್ಕೆ ವಿಳಾಸವಿಲ್ಲ.

ಇವತ್ತು ಅದಿರಿನ ಸಂಶೋಧನೆ ಮಾಡುವ ಮೇಷ್ಟ್ರೊಬ್ಬರು ನನ್ನ ಅಂಗಡಿಗೆ ಬಂದಿದ್ದರು. ಕಿಟಕಿಯಲ್ಲಿ ಉಳಿದುಹೋಗಿದ್ದ ನಿನ್ನ ಕಲ್ಲೊಂದನ್ನು ಎತ್ತಿಕೊಂಡರು. ಬೆರಳೆಲ್ಲ ಮಸಿಯಾಯಿತು.

“ಒಳ್ಳೇ ಮ್ಯಾಂಗನೀಸ್ ಕಣ್ರೀ! ಪರೀಕ್ಷೆಗೆ ಕಳಿಸ್ಲಿಲ್ವಾ?”

“ಐದು ವರ್ಷದ ಹಿಂದೇ ಕಳಿಸಿದ್ವಿ ಸ್ವಾಮಿ. ಸತ್ವ ಇಲ್ಲ, ಬರೀ ಕಲ್ಲು ಅಂತ ಬಂತು. ಪರೀಕ್ಷೆ ಮಾಡೋ ಸಾಹೇಬ್ರ ಮೇಜಿಗೆ ಹೋಗೋದು ಅಂತ ಹಳ್ಳದಲ್ಲಿ ನಾರು ಹಾಕಿ ತಿಕ್ಕಿ ತೊಳೆದು ಕಳಿಸಿದ್ದು.”

“ಅಯ್ಯೋ, ಆ ಕಪ್ಪು ಪುಡೀನೇ ಅದಿರು! ತೊಳೆದ ಪುಣ್ಯಾತ್ಮ ಯಾರ್ರೀ?”

“ಜಟ್ಟಿಂಗಪ್ಪ” ಎಂದುಬಿಟ್ಟೆ.

ತೊಳೆದವನು ನಾನು. ನಿನಗೂ ಹೇಳಿರಲಿಲ್ಲ. ಊರಲ್ಲೇ ಇಲ್ಲದವನ ಮೇಲೆ ಯಾಕೆ ಹಾಕಿದೆನೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಅದಿರು ಸಿಕ್ಕಿದ್ದರೂ ಅಣೆಕಟ್ಟಿನ ನೀರು ಬರುತ್ತಿತ್ತು, ಗುಡ್ಡ ಮುಳುಗುತ್ತಿತ್ತು. ಆದರೆ ಅದಿರಿದೆ ಎಂದು ಊರೆಲ್ಲ ಸಾರಿದ ನಿನ್ನನ್ನು ಯಾರೂ ಸುಳ್ಳುಬುರುಕ ಎನ್ನುತ್ತಿರಲಿಲ್ಲ. ಆಗಲೂ ನೀನು ಹೇಳದೆ ಹೊರಟುಹೋಗುತ್ತಿದ್ದೆಯೋ ಏನೋ, ಅದೂ ತಿಳಿಯುತ್ತಿಲ್ಲ.

ಕೊನೆಗೆ ಯಾರಿಗೆ ಏನು ಸಿಕ್ಕಿತೆಂದರೆ, ಅದಿರು ಹಳ್ಳಕ್ಕೆ, ಗುಡ್ಡ ಹಿನ್ನೀರಿಗೆ, ಕಿಟಕಿಯ ಕಲ್ಲು ಮೇಷ್ಟ್ರಿಗೆ. ಆ ಗುಡ್ಡದ ಮೇಲೆ ದುಡ್ಡು ಸುರಿಯದ ಬುದ್ಧಿವಂತ ಎಂಬ ಹೆಸರು ನನಗೆ. ನಿನಗೆ ಸುಳ್ಳುಬುರುಕ ಎಂಬುದರ ಜೊತೆಗೆ, ಇವತ್ತಿನಿಂದ ದಡ್ಡ ಎಂಬುದೂ.

ಕನ್ನಪ್ಪ