ನಪಾಸಾಗಲು ಕಲಿತ ವರ್ಷ

ಕಲ್ಲಹುಣಸಿ,
30 ಫೆಬ್ರುವರಿ 2231

ಈ ಊರಿನ ಹೈಸ್ಕೂಲಿನಲ್ಲಿ ನಿಮ್ಮ ಕಾಲದಲ್ಲಿ ಹತ್ತನೆಯ ತರಗತಿ ಓದುತ್ತಿರುವ ಮಕ್ಕಳಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರುವರಿಗೆ ಮೂವತ್ತು ದಿನ. ಪಂಚಾಂಗ ತಿದ್ದಿದವರು ನಮ್ಮ ಮುತ್ತಜ್ಜಂದಿರು. ಯಾಕೆ ತಿದ್ದಿದರೆಂದು ಹೇಳುವವರು ಈಗ ಯಾರೂ ಉಳಿದಿಲ್ಲ. ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಪಠ್ಯಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ, ಆದ್ದರಿಂದ ವಾಕ್ಯಗಳು ಇಸ್ತ್ರಿ ಹಾಕಿದ ಹಾಗೆ ಬಿಗಿಯಾಗಿದ್ದರೆ ಕ್ಷಮಿಸಬೇಕು. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಊರಿಗೆ ಒಂದೇ ಕಾಗದ. ನಮ್ಮ ಊರಿನ ಸರದಿ ಬಂದಾಗ ಹಿರಿಯರು ನನ್ನನ್ನು ಕರೆದು, ಹೊಸ ಕೆರೆಯ ಬಗ್ಗೆ, ಆಸ್ಪತ್ರೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆ ಎಂದರು. ಹೂಂ ಎಂದು ತಲೆಯಾಡಿಸಿ ಬಂದಿದ್ದೇನೆ, ಬರೆಯುತ್ತಿರುವುದು ಮಾತ್ರ ಬೇರೆ. ನನ್ನ ಹೆಸರು ಸುಭದ್ರಾ ಬಡಿಗೇರ. ಇದೇ ಹೈಸ್ಕೂಲಿನಲ್ಲಿ ಓದಿ, ಇಲ್ಲಿಯೇ ಕನ್ನಡ ಕಲಿಸುತ್ತಿದ್ದೇನೆ. ಈ ಕಾಗದ ನನ್ನ ಬೆಂಚಿನ ಗೆಳತಿ ದಾವಲ್‌ಬಿ ನದಾಫಳ ಬಗ್ಗೆ.

ನಾವು ಎಂಟನೆಯ ತರಗತಿಗೆ ಬಂದಾಗ ಯುದ್ಧ ಶುರುವಾಯಿತು. ಹತ್ತಕ್ಕೆ ಬರುವ ಹೊತ್ತಿಗೆ ಅದು ಯಾಕೆ ಶುರುವಾಯಿತೆಂಬುದನ್ನು ದೊಡ್ಡವರೇ ಮರೆತಿದ್ದರು. ನಮ್ಮ ಊರ ಮೇಲೆ ಬಾಂಬು ಬಿದ್ದದ್ದು ಕಡಿಮೆ, ಆದರೆ ಗೂಗಿಗಳ ಕಾಟ ದಿನವೂ ಇತ್ತು. ಗೂಗಿ ಎಂದರೆ ಹಕ್ಕಿಯಲ್ಲ; ಜನ ಗುಂಪು ಸೇರಿದ ಕಡೆ ಮೇಲೆ ಬಂದು ನಿಂತು ನೋಡುವ ಸಣ್ಣ ಯಂತ್ರ. ಅದು ನೋಡಿ ಹೋದ ಮೇಲೆ ದೊಡ್ಡದು ಬರುತ್ತಿತ್ತು. ಹಾಗಾಗಿ ನಮಗೆ ಮೈದಾನದಲ್ಲಿ ಪ್ರಾರ್ಥನೆಯಿಲ್ಲ, ಆಟವಿಲ್ಲ. ಖೋಖೋ ಆಡುವುದಿದ್ದರೆ ವರಾಂಡದಲ್ಲಿ, ಅದೂ ಬಾಯಿ ಮುಚ್ಚಿಕೊಂಡು. ಬಾಯಿ ಮುಚ್ಚಿಕೊಂಡು ಖೋಖೋ ಆಡುವುದು ಎಷ್ಟು ಕಷ್ಟವೆಂದು ನೀವೊಮ್ಮೆ ಆಡಿ ನೋಡಿ. ಬಿಳಿ ಅಂಗಿ ಮೇಲಿನಿಂದ ಕಾಣುತ್ತದೆಂದು ಸಮವಸ್ತ್ರವನ್ನು ಕೆಮ್ಮಣ್ಣಿನಲ್ಲಿ ಅದ್ದಿ ಕೊಡುತ್ತಿದ್ದರು. ಮಳೆ ಬಂದರೆ ಮೈಯೆಲ್ಲ ಕೆಂಪು. ಮಧ್ಯಾಹ್ನ ನವಣೆಯ ಗಂಜಿ, ಅಗಸಿ ಚಟ್ನಿ. ಇತಿಹಾಸದ ಮೇಷ್ಟ್ರು ಯುದ್ಧಕ್ಕೆ ಹೋದರು, ಡ್ರಿಲ್ ಮೇಷ್ಟ್ರು ಇತಿಹಾಸ ಕಲಿಸಿದರು; ಅವರ ಪಾಠದಲ್ಲಿ ಎಲ್ಲ ರಾಜರೂ ಎಡಗಾಲು ಮುಂದಿಟ್ಟೇ ಹೊರಡುತ್ತಿದ್ದರು. ನಾವು ನಗುತ್ತಿದ್ದೆವು. ಯುದ್ಧದಲ್ಲಿ ಮಕ್ಕಳು ನಗುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಮಗೆ ಹುಚ್ಚಾಟವೆನಿಸುವ ಮಾತೊಂದನ್ನು ಹೇಳಬೇಕು. ಯಾವುದೇ ಲೆಕ್ಕದ ಯಂತ್ರದೊಳಗೆ ಹೊಕ್ಕು ಅದರಿಂದ ಸುಳ್ಳು ಹೇಳಿಸುವುದನ್ನು ಶತ್ರುಗಳು ಕಲಿತಿದ್ದರು. ನಮ್ಮವರೂ ಅವರ ಯಂತ್ರಗಳಿಗೆ ಅದನ್ನೇ ಮಾಡುತ್ತಿದ್ದರು. ಕಡೆಗೆ ಎರಡೂ ಕಡೆಯವರು ಲೆಕ್ಕದ ಯಂತ್ರಗಳನ್ನು ಮೂಲೆಗೆ ಹಾಕಿ ಮನುಷ್ಯರಿಂದಲೇ ಲೆಕ್ಕ ಮಾಡಿಸತೊಡಗಿದರು. ಗುಂಡು ಎಷ್ಟು ದೂರ ಹೋಗಬೇಕು, ಗಾಯಾಳುಗಳಿಗೆ ಔಷಧ ಎಷ್ಟು ಬೇಕು, ಎಲ್ಲವೂ ಕೈಯಲ್ಲಿ, ಪಾಟಿಯ ಮೇಲೆ, ರಣರಂಗದ ಮಗ್ಗುಲಲ್ಲೇ ಕುಳಿತು. ಇದಕ್ಕೆ ಎಣಿಕೆಪಡೆ ಎಂದು ಹೆಸರು. ಎಳೆಯ ತಲೆ ಚುರುಕು ಎಂದು, ಹತ್ತನೆಯ ತರಗತಿಯ ಗಣಿತದಲ್ಲಿ ಪಾಸಾದ ಪ್ರತಿಯೊಬ್ಬರನ್ನೂ ಅದಕ್ಕೆ ಒಯ್ಯುತ್ತಿದ್ದರು. ಶತ್ರುಗಳು ಮೊದಲು ಹುಡುಕಿ ಹೊಡೆಯುತ್ತಿದ್ದುದೂ ಎಣಿಕೆಪಡೆಯನ್ನೇ. ನಪಾಸಾದವರು ಊರಲ್ಲಿ ಉಳಿಯುತ್ತಿದ್ದರು, ಬದುಕುತ್ತಿದ್ದರು.

ಹಾಗಾದರೆ ಖಾಲಿ ಉತ್ತರಪತ್ರಿಕೆ ಕೊಟ್ಟು ಬರಬಹುದಿತ್ತಲ್ಲ ಎನ್ನುತ್ತೀರಿ. ಮೊದಲ ವರ್ಷ ಹಾಗೆ ಮಾಡಿದವರಿದ್ದರು. ಬೇಕೆಂದೇ ನಪಾಸಾದವರೆಂದು ಅವರನ್ನು ಪಾಸಾದವರಿಗಿಂತ ಮೊದಲೇ ಎಳೆದೊಯ್ದರು. ಹಿಂದಿನ ವರ್ಷ ತೊಂಬತ್ತು ಅಂಕ ತೆಗೆದವಳು ಈಗ ಹತ್ತು ತೆಗೆದರೂ ಸಂಶಯ. ಜಾಣರು ಸ್ವಲ್ಪದರಲ್ಲೇ ತಪ್ಪಿಸಿಕೊಂಡಂತೆ, ಮೂವತ್ತೈದಕ್ಕೆ ಎರಡೋ ಮೂರೋ ಕಡಿಮೆ ಬರುವಂತೆ ನಪಾಸಾಗಬೇಕು. ಅದನ್ನು ಕಲಿಸಲು ನಮ್ಮ ಗಣಿತದ ಹೂಗಾರ ಮಾಸ್ತರರು ಶಾಲೆ ಬಿಟ್ಟ ಮೇಲೆ ಪ್ರತ್ಯೇಕ ತರಗತಿ ನಡೆಸುತ್ತಿದ್ದರು. ಗಣಿತವೆಂದರೆ ಊಟ ಮರೆಯುವ ಮನುಷ್ಯ. ಬೋರ್ಡಿನ ಮೇಲೆ ಸರಿಯಾದ ಲೆಕ್ಕ ಬರೆದು, ಅದನ್ನು ಎಲ್ಲಿ ಕೆಡಿಸಬೇಕೆಂದು ತೋರಿಸುತ್ತಿದ್ದರು.

“ತಪ್ಪು ಅಂದ್ರ ತಪ್ಪಿನಂಗ ಕಾಣಬೇಕ್ರವಾ, ಆಟದಂಗ ಕಾಣಬಾರ್ದು” ಎನ್ನುತ್ತಿದ್ದರು. “ಒಂದು ಮೈನಸ್ ನುಂಗ್ರಿ. ಒಂದ ನುಂಗ್ರಿ ಮತ್ತ, ಎರಡು ನುಂಗಬ್ಯಾಡ್ರಿ.”

ನನಗೆ ಈ ತರಗತಿಯ ಅಗತ್ಯವೇ ಇರಲಿಲ್ಲ. ದೇವರು ನನ್ನನ್ನು ಗಣಿತದ ವಿಷಯದಲ್ಲಿ ಹುಟ್ಟುವಾಗಲೇ ಕಾಪಾಡಿದ್ದ. ದಾವಲ್‌ಬಿಗೆ ಮಾತ್ರ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು. ಅವಳ ಅಣ್ಣ ರಾಜೇಸಾಬ ಹಿಂದಿನ ವರ್ಷ ಪಾಸಾಗಿ ಹೋಗಿ ತೀರಿಕೊಂಡಿದ್ದ. ಅವಳ ತಾಯಿ ಹುಸೇನ್‌ಬಿ ಅರಳೆ ಹಿಂಜಿ ಆಸ್ಪತ್ರೆಗೆ ಗಾದಿ ಹೊಲಿಯುತ್ತಿದ್ದಳು. ಒಂದು ದಿನ ತಲೆಯಲ್ಲಿ ಅರಳೆ ಮೆತ್ತಿಕೊಂಡೇ ಶಾಲೆಗೆ ಬಂದು ಮಾಸ್ತರರ ಮುಂದೆ ನಿಂತಳು.

“ನನ್ನ ಮಗಳು ಶಾಣ್ಯಾಕಿ ಆಗೂದು ಬ್ಯಾಡ್ರಿ ಮಾಸ್ತರ. ಕಣ್ಣ ಮುಂದ ಇದ್ರ ಸಾಕು” ಎಂದಳು.

ಮಾಸ್ತರರು ಮಾತು ಕೊಟ್ಟರು. ಅವತ್ತಿನಿಂದ ದಾವಲ್‌ಬಿಯ ಮೇಲೆ ಅವರ ಕಣ್ಣು. ಪಾಪ, ಅವಳು ಒದ್ದಾಡುತ್ತಿದ್ದಳು. ನಾನು ಸರಿಯುತ್ತರ ಬರೆಯಲು ಎಷ್ಟು ತಿಣುಕುತ್ತಿದ್ದೆನೋ ಅವಳು ತಪ್ಪುತ್ತರ ಬರೆಯಲು ಅಷ್ಟೇ ತಿಣುಕುತ್ತಿದ್ದಳು. “ತಪ್ಪು ಬರದ್ರ ಕೈ ತುರಸ್ತೈತಿ ನೋಡು” ಎಂದು ಬೆರಳು ಉಜ್ಜಿಕೊಳ್ಳುತ್ತಿದ್ದಳು. ನಾನು ಬರೆದದ್ದನ್ನು ನೋಡಿ ಹಾಗೆಯೇ ಬರೆ, ಅದಕ್ಕಿಂತ ಭದ್ರವಾದ ದಾರಿ ಇಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಬರಬರುತ್ತಾ ಅವಳಿಗೂ ಕೈ ಹದಕ್ಕೆ ಬಂತು. ಪರೀಕ್ಷೆಯ ಹಿಂದಿನ ವಾರ ಮಾಸ್ತರರು ಕೊಟ್ಟ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಮೂವತ್ತೆರಡು ತೆಗೆದಳು. ಮಾಸ್ತರರು ಅವಳ ಬೆನ್ನು ತಟ್ಟಿ, ಆಚೆ ತಿರುಗಿ ಕಣ್ಣೊರೆಸಿಕೊಂಡರು.

ಪರೀಕ್ಷೆ ಚೆನ್ನಾಗಿಯೇ ಆಯಿತು, ಅಂದರೆ ನಮ್ಮ ಅರ್ಥದಲ್ಲಿ. ಹೊರಗೆ ಬಂದು ಗೇಟಿನ ಬಳಿಯ ಬೇವಿನ ಮರದಡಿ ಉತ್ತರ ತಾಳೆ ನೋಡಿದೆವು. ನಿಮ್ಮಲ್ಲೂ ಇರಬಹುದು ಈ ಕೆಟ್ಟ ಅಭ್ಯಾಸ. ಕೊನೆಯ ಲೆಕ್ಕ ದೊಡ್ಡದು, ಅದರ ಕಡೆಯ ಸಾಲಿನಲ್ಲಿ ಮೈನಸ್ ನಾಲ್ಕನ್ನು ಮೈನಸ್ ಆರರಿಂದ ಗುಣಿಸಬೇಕಿತ್ತು. ಕೊಠಡಿಯಲ್ಲಿ ಕಾವಲಿದ್ದು ಆಗಷ್ಟೇ ಹೊರಬಂದ ಮಾಸ್ತರರು, ಆ ಲೆಕ್ಕಕ್ಕೆ ಏನು ಬರೆದಿ ಎಂದು ದಾವಲ್‌ಬಿಯನ್ನು ಕೇಳಿದರು. ಅವಳು ಹೆಮ್ಮೆಯಿಂದ ವಿವರಿಸಿದಳು. ಮೊದಲ ಸಲ ನಾಲ್ಕರ ಮುಂದಿನ ಮೈನಸ್ ನುಂಗಿ, ಮೈನಸ್ ಇಪ್ಪತ್ನಾಲ್ಕು ಎಂದು ಬರೆದಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಒಂದನೆಯ ತರಗತಿಯಿಂದ ಎಲ್ಲರೂ, ಎಲ್ಲರಿಗಿಂತ ಹೆಚ್ಚಾಗಿ ಹೂಗಾರ ಮಾಸ್ತರರೇ, ಬರೆದಾದ ಮೇಲೆ ಇನ್ನೊಮ್ಮೆ ನೋಡಿ ಎಂದು ಹೇಳಿಕೊಟ್ಟಿದ್ದರಲ್ಲ! ಸಮಯ ಉಳಿದಿತ್ತು, ಇನ್ನೊಮ್ಮೆ ನೋಡಿದಳು. ನಾಲ್ಕನ್ನು ಮೈನಸ್ ಆರರಿಂದ ಗುಣಿಸಿದರೆ ಮೈನಸ್ ಇಪ್ಪತ್ನಾಲ್ಕು; ಆ ಸಾಲಿನಲ್ಲಿ ಅವಳ ಕಣ್ಣಿಗೆ ತಪ್ಪೇ ಕಾಣಲಿಲ್ಲ. ಅಯ್ಯೋ, ಇಲ್ಲಿ ತಪ್ಪು ಮಾಡುವುದನ್ನೇ ಮರೆತೆನಲ್ಲ ಎಂದು ಗಾಬರಿಗೊಂಡು, ಆರರ ಮುಂದಿನ ಮೈನಸ್ಸನ್ನೂ ಅಳಿಸಿ ಉತ್ತರ ತಿದ್ದಿ ಬಂದಿದ್ದಳು.

“ಈಗೇನೈತಿ ಉತ್ತರ?” ಎಂದರು ಮಾಸ್ತರರು.

“ಇಪ್ಪತ್ನಾಕ್ರೀ ಸರ್.”

ಅವರು ಬಗ್ಗಿ ಬೆರಳಿನಿಂದ ಮಣ್ಣಿನ ಮೇಲೆ ಬರೆದು ನೋಡಿದರು. ನೋಡಬೇಕಾಗಿಯೇ ಇರಲಿಲ್ಲ, ಆ ಲೆಕ್ಕ ನನಗೂ ಬರುತ್ತಿತ್ತು. ಆಮೇಲೆ ಕಾಲಿನಿಂದ ಅದನ್ನು ಒರೆಸಿ, “ಹೋಗ್ರವಾ, ಉಣ್ಣಾಕ ಹೋಗ್ರಿ” ಎಂದರು.

ಅವರ ಮುಖ ನೋಡಿ ದಾವಲ್‌ಬಿಗೆ ತಿಳಿಯಿತು. “ಎರಡೂ ನುಂಗಿದ್ನೇನ್ರೀ ಸರ್?” ಎಂದಳು. ಪತ್ರಿಕೆ ತಿದ್ದುವವರು ಉತ್ತರವೊಂದನ್ನೇ ನೋಡುತ್ತಾರೆ, ಅದು ಬಂದ ದಾರಿ ನೋಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಂದು ತಿಂಗಳು ನಾವು ಆಸೆಪಟ್ಟೆವು. ಮೌಲ್ಯಮಾಪಕರು ನಿದ್ದೆಗಣ್ಣಿನಲ್ಲಿ ತಪ್ಪು ಹಾಕಲಿ ಎಂದು ಹುಸೇನ್‌ಬಿ ದರ್ಗಾಕ್ಕೆ ಹರಕೆ ಹೊತ್ತಳು, ನನ್ನವ್ವ ಬಸವಣ್ಣನ ಗುಡಿಯಲ್ಲಿ ಎಣ್ಣೆ ಹಾಕಿಸಿದಳು.

ಫಲಿತಾಂಶದ ದಿನ ನಮ್ಮ ಓಣಿಯಲ್ಲಿ ಹಬ್ಬ. ನಾನು ಹತ್ತೊಂಬತ್ತು ಅಂಕ ತೆಗೆದು ನಪಾಸಾಗಿದ್ದೆ. ಅವ್ವ ಸಿಹಿ ಮಾದ್ಲಿ ಮಾಡಿ ಮನೆಮನೆಗೆ ಹಂಚಿದಳು, ಅಪ್ಪ ಎಲ್ಲರೆದುರು ನನ್ನ ತಲೆ ಸವರಿದರು. ನದಾಫರ ಮನೆಯ ಬಾಗಿಲಿಗೆ ಬಂದಾಗ ಅವ್ವ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ದಾವಲ್‌ಬಿಗೆ ಮೂವತ್ತಾರು ಬಂದಿತ್ತು. ಜನ ಸಾವಿನ ಮನೆಗೆ ಬಂದಂತೆ ಬಂದು, ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಸಂಜೆ ಮಾಸ್ತರರು ಬಂದು ಹೊಸ್ತಿಲ ಹೊರಗೇ ನಿಂತರು. ಹುಸೇನ್‌ಬಿ ಬೈಯುತ್ತಾಳೆಂದು ನಾವು ಅಂದುಕೊಂಡಿದ್ದೆವು. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

“ನೀವು ಚಲೋ ಕಲಿಸೀರಿ, ಮಾಸ್ತರ” ಎಂದಳು ಅವಳು. “ಅದ ತಪ್ಪಾತು.”

ದಾವಲ್‌ಬಿಯನ್ನು ಒಯ್ಯುವ ಗಾಡಿ ಗೂಗಿಗೆ ಕಾಣದಂತೆ ಸೊಪ್ಪುಸದೆ ಹೊದ್ದುಕೊಂಡು ಬಂತು. ಹುಸೇನ್‌ಬಿ ಹೊಸ ಅರಳೆ ತುಂಬಿದ ದಿಂಬೊಂದನ್ನು ಮಗಳ ಕಂಕುಳಲ್ಲಿ ಇಟ್ಟಳು. ನಾನು ಅಳುತ್ತಿದ್ದೆ. ದಾವಲ್‌ಬಿ ಅಳಲಿಲ್ಲ. “ನನ್ನ ಲೆಕ್ಕ ಇನ್ನ ಸರಿ ಬರ್ಯಾಕ ಬಿಡ್ತಾರಲ್ಲ, ಅಷ್ಟರ ಸುಖ” ಎಂದು ಗಾಡಿ ಹತ್ತಿದಳು. ಅವಳು ನನ್ನನ್ನು ನಗಿಸಲು ಹಾಗೆ ಅಂದಳೋ, ನಿಜವಾಗಿಯೂ ಅಂದಳೋ ನನಗೆ ಈಗಲೂ ಗೊತ್ತಿಲ್ಲ. ಅವಳಿಗೆ ಗಾಯಾಳುಗಳ ಲೆಕ್ಕ ಒಪ್ಪಿಸಿದ್ದರಂತೆ: ಎಷ್ಟು ಜನಕ್ಕೆ ಎಷ್ಟು ಔಷಧ, ಎಷ್ಟು ನೀರು. ಒಂದೂ ತಪ್ಪಿರಲಿಲ್ಲವೆಂದು ಅವಳ ಜೊತೆಗಿದ್ದವರು ಆಮೇಲೆ ಹೇಳಿದರು. ಆ ಚಳಿಗಾಲದಲ್ಲಿ ಅವರಿದ್ದ ಡೇರೆಯ ಮೇಲೆ ಗೂಗಿ ಬಂದು ನಿಂತಿತು. ಅವಳಿಗೆ ಹದಿನಾರು ತುಂಬಿರಲಿಲ್ಲ.

ಯುದ್ಧ ಮುಗಿದದ್ದು ಅದಾದ ನಾಲ್ಕು ವರ್ಷಕ್ಕೆ. ಗೆದ್ದವರು ಯಾರೆಂದು ನಮಗೆ ಯಾರೂ ಹೇಳಲಿಲ್ಲ. ಎಣಿಕೆಪಡೆಯನ್ನು ಮುಚ್ಚಿದರೆಂದು ಸುದ್ದಿ ಬಂತು; ಇನ್ನು ಮೇಲೆ ಸರಿಯಾಗಿಯೇ ಕಲಿಸಬಹುದಿತ್ತು. ಹೂಗಾರ ಮಾಸ್ತರರು ಒಂದೇ ಒಂದು ದಿನ ತರಗತಿಗೆ ಹೋದರು. ಬೋರ್ಡಿನ ಮೇಲೆ ಒಂದು ಮೈನಸ್ ಹಾಕಿ, ಸೀಮೆಸುಣ್ಣ ಕೆಳಗಿಟ್ಟು, ಗಂಟೆ ಬಾರಿಸುವ ತನಕ ಮಕ್ಕಳಿಗೆ ಬೆನ್ನು ಹಾಕಿಯೇ ನಿಂತಿದ್ದು ಮನೆಗೆ ನಡೆದರು. ಮತ್ತೆ ಶಾಲೆಯ ಕಡೆ ಬರಲಿಲ್ಲ.

ಹೋದ ತಿಂಗಳು ಹುಸೇನ್‌ಬಿ ನನ್ನ ತರಗತಿಗೆ ಬಂದಿದ್ದಳು. ಈಗ ಅವಳಿಗೆ ಕಣ್ಣು ಮಂಜು, ಓದು ಮೊದಲೂ ಬರುತ್ತಿರಲಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಮುಂದಿನ ಬೆಂಚಿನಲ್ಲಿ ಕೂತು, “ಸುಭದ್ರಾ, ಆಕಿ ಲೆಕ್ಕ ನನಗೊಮ್ಮೆ ತೋರಸವಾ. ಎಲ್ಲಿ ತಪ್ಪಿದ್ಳು ನೋಡ್ತೀನಿ” ಎಂದಳು. ಗಣಿತಕ್ಕೂ ನನಗೂ ಇಂದಿಗೂ ಆಗಿಬರುವುದಿಲ್ಲ, ಆದರೆ ಆ ಒಂದು ಸಾಲು ನನಗೆ ನಿದ್ದೆಯಲ್ಲೂ ಬರುತ್ತದೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಅವಳ ಕೈ ಹಿಡಿದು, ಇದು ನಾಲ್ಕು, ಇದು ಆರು, ಮೊದಲು ಈ ಗೆರೆ ನುಂಗಿದಳು, ಆಮೇಲೆ ಈ ಗೆರೆ ಅಳಿಸಿದಳು ಎಂದು ತೋರಿಸಿದೆ. ಅವಳು ಎರಡನೆಯ ಗೆರೆಯ ಮೇಲೆ ಬೆರಳಿಟ್ಟು ನಿಂತಳು. ಅದು ಅವಳ ಉಗುರಿಗಿಂತ ಉದ್ದವಿರಲಿಲ್ಲ.

“ಇಷ್ಟನ?” ಎಂದಳು.

“ಇಷ್ಟ, ಚಿಗವ್ವಾ” ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

ಮಕ್ಕಳೇ, ಯುದ್ಧ ನಿಲ್ಲಿಸಿ ಎಂದು ನಿಮಗೆ ಹೇಳಲು ನನಗೆ ನಾಚಿಕೆಯಾಗುತ್ತದೆ, ನಮ್ಮಿಂದಲೇ ಆಗಲಿಲ್ಲ. ಕೇಳುವುದು ಬೇರೊಂದು. ಈ ಕಾಗದ ಮುಟ್ಟಿದ ದಿನ ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿ, ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಸಿ. ನಿಮ್ಮಲ್ಲಿ ಯಾರಿಗೆ ಬರುತ್ತದೋ ಅವಳು ಎದ್ದು ನಿಂತು, ಉತ್ತರ ಇಪ್ಪತ್ನಾಲ್ಕು ಎಂದು ಗಟ್ಟಿಯಾಗಿ ಹೇಳಲಿ. ಬಾಗಿಲು, ಕಿಟಕಿ ತೆರೆದೇ ಇರಲಿ. ಆಮೇಲೆ ಅವಳು ಎಂದಿನಂತೆ ಮನೆಗೆ ಹೋಗಲಿ.

ಇಂತಿ,
ಸುಭದ್ರಾ ಬಡಿಗೇರ